ಕೈತಪ್ಪಿ ಬಿದ್ದುದರ ಕಾಲ

ಪುತ್ತೂರು, ಸುಳ್ಯ ಮತ್ತು ಇವೆರಡರ ಗ್ರಾಮಗಳು ಸೇರಿ ಈಚೆಗೆ ತಾಲೂಕಾದ ಕಡಬ, ಈ ಸೀಮೆಯಲ್ಲಿ ತುಳು, ಹವ್ಯಕ ಕನ್ನಡ, ಅರೆಭಾಷೆ, ಬ್ಯಾರಿ, ಮಲಯಾಳಗಳೆಂದು ಮನೆಮಾತು ಹಲವಾಗಿದ್ದರೂ ಶಾಲೆಯಲ್ಲಿ ಕಲಿಸಿದ ವ್ಯಾಕರಣ ಬಹುಕಾಲ ಒಂದೇ ಆಗಿತ್ತು. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ಕ್ಕೆ ಋಣಿಯಾದ ಆ ಪರಂಪರೆ ಕಾಲವನ್ನು ಭೂತ, ಭವಿಷ್ಯತ್, ವರ್ತಮಾನವೆಂದು ಮೂರಾಗಿ ಎಣಿಸಿತು, ಆದರೆ ಬೇಡದೆ ಒದಗಿದ ಕೆಡುಕನ್ನು, ಅಂದರೆ ಕೈತಪ್ಪಿ ಬಿದ್ದುದನ್ನು, ಜಾರಿ ಒಡೆದುದನ್ನು ಹೇಳುವಾಗ ಇಲ್ಲಿನವರಿಗೆ ಆ ಮೂರರ ಲೆಕ್ಕ ಎಂದೂ ಸಾಕಾಗಿರಲಿಲ್ಲ.

1872ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಎರಡು ಪುಸ್ತಕಗಳನ್ನು ಹೊರತಂದಿತು: ಒಂದು ಕಿಟೆಲರು ಸಂಪಾದಿಸಿದ ಶಬ್ದಮಣಿದರ್ಪಣ, ಇನ್ನೊಂದು ಬ್ರಿಗೆಲರ ತುಳು ವ್ಯಾಕರಣ. ತುಳುವಿನ ಭೂತಕಾಲ ಒಂದಲ್ಲ, ಎರಡು ಎಂಬುದೇ ಇಲ್ಲಿ ಮುಖ್ಯವಾದ ಸಂಗತಿ: ‘ಪೋಂಡ್’ ಎಂದರೆ ಹೋಯಿತು, ‘ಪೋತ್ಂಡ್’ ಎಂದರೆ ಹೋಗಿದೆ ಅಥವಾ ಹೋಗಿತ್ತು. ಅಡಿಕೆ ತೋಟದಲ್ಲಿ ಕಣ್ಣೆದುರೇ ಗೊನೆ ಕೈಜಾರಿದರೆ ‘ಬೂರ್ದ್ ಪೋಂಡ್’ ಎಂಬ ಮಾತು ಬಾಯಿಗೆ ಬರುತ್ತದೆ. ಬೆಳಗ್ಗೆ ತೋಟಕ್ಕಿಳಿದವರು ರಾತ್ರಿಯ ಗಾಳಿಗೆ ಉರುಳಿದ ಮರವನ್ನು ಕಂಡರೆ ‘ಬೂರ್ದ್ ಪೋತ್ಂಡ್’ ಎನ್ನುತ್ತಾರೆ. ಬಿದ್ದುದು ಎರಡೂ ಕಡೆ ಮುಗಿದ ಕೆಲಸವೇ, ಆದರೆ ಮೊದಲನೆಯದರಲ್ಲಿ ಬೀಳುವಿಕೆಗೆ ಸಾಕ್ಷಿಯಿದೆ, ಎರಡನೆಯದರಲ್ಲಿ ಬಿದ್ದುದರ ಫಲ ಮಾತ್ರ ಎದುರಿಗಿದೆ. ಕನ್ನಡ ಇದೇ ಭೇದವನ್ನು ‘ಬಿದ್ದು ಹೋಯಿತು’, ‘ಬಿದ್ದು ಹೋಗಿದೆ’ ಎಂದು ‘ಇರು’ ಧಾತುವಿನ ನೆರವಿನಿಂದ ಕಟ್ಟಿಕೊಳ್ಳುತ್ತದೆ.

ಕಾಲದ ಜೊತೆಗೇ ಹೊಣೆಯ ಪ್ರಶ್ನೆಯೂ ಬರುತ್ತದೆ. ಹವ್ಯಕರ ಅಡಿಗೆಮನೆಯ ‘ಬಿದ್ದು ಹೋತು’ ಎಂಬಲ್ಲಿ ‘ಹೋಗು’ ಎಂಬ ಸಹಾಯಕ ಕ್ರಿಯಾಪದ, ಅಂದರೆ ಮುಖ್ಯ ಕ್ರಿಯೆಗೆ ಜೊತೆಯಾಗಿ ನಿಂತು ಅರ್ಥವನ್ನು ತಿದ್ದುವ ಪದ, ಚಲನೆಯನ್ನು ಹೇಳದೆ ತಡೆಯಲಾಗದ ನಷ್ಟವನ್ನು ಹೇಳುತ್ತದೆ. ‘ಕೈಯಿಂದ ಲೋಟ ಬಿದ್ದು ಹೋಯಿತು’ ಎಂದಾಗ ಲೋಟವೇ ಕರ್ತೃವಾಗಿ, ಮನುಷ್ಯನ ಪಾಲು ಕೈಯಷ್ಟಕ್ಕೇ ಉಳಿಯುತ್ತದೆ. ‘ಬೀಳಿಸಿಬಿಟ್ಟ’ ಎಂದರೆ ತಪ್ಪು ಹೊತ್ತವನು ನಡುಮನೆಯಲ್ಲೇ ನಿಂತಂತೆ. ಬೈಗುಳ ಯಾರ ಪಾಲಿಗೆ ಎಂಬುದು ಎಷ್ಟೋ ಸಲ ‘ಬೀಳಿಸು’ವಿನ ‘ಇಸು’ ಎಂಬ ಈ ಒಂದು ಪ್ರತ್ಯಯದಲ್ಲೇ ತೀರ್ಮಾನವಾಗುತ್ತದೆ.

ದೂರದ ಸ್ಪ್ಯಾನಿಷ್ ಕೂಡ ಇಂಥಲ್ಲಿ ಬಿದ್ದ ವಸ್ತುವನ್ನೇ ಕರ್ತೃವಾಗಿಸಿ, ಮನುಷ್ಯನನ್ನು ‘ನನಗೆ’ ಎಂಬ ಚತುರ್ಥಿಗೆ ಸರಿಸುತ್ತದೆ: ‘ಸೆ ಮೆ ಕಯೋ’ ಎಂದರೆ ಒಮ್ಮೆ ಬಿದ್ದು ಮುಗಿದುದು, ‘ಸೆ ಮೆ ಕಯೀಅ’ ಎಂದರೆ ಬೀಳುತ್ತಿದ್ದುದು ಅಥವಾ ಪದೇಪದೇ ಬೀಳುತ್ತಿದ್ದುದು. ಅಲ್ಲಿ ಆಯ್ಕೆ ನಡೆಯುವುದು ಕ್ರಿಯೆ ಮುಗಿಯಿತೋ ಇಲ್ಲವೋ ಎಂಬ ಸ್ಥಿತಿಯ ಮೇಲೆ. ತುಳುವಿನ ವರ್ಣನೆಯನ್ನು 1967ರಲ್ಲೂ ಹವ್ಯಕದ ವ್ಯಾಕರಣವನ್ನು 1971ರಲ್ಲೂ ಪ್ರಕಟಿಸಿದ ಡಿ.ಎನ್. ಶಂಕರ ಭಟ್ಟರು 1999ರ ಗ್ರಂಥದಲ್ಲಿ ಭಾಷೆಗಳನ್ನು ಕಾಲ, ಸ್ಥಿತಿ, ಭಾವ ಇವುಗಳಲ್ಲಿ ಯಾವುದಕ್ಕೆ ಪ್ರಾಧಾನ್ಯವೆಂದು ನೋಡಿ ವಿಂಗಡಿಸಿ, ಕನ್ನಡವನ್ನು ಕಾಲಪ್ರಧಾನ ಭಾಷೆಯಾಗಿ ವಿವರಿಸಿದರು. ಈ ವಿಂಗಡಣೆ ಒಪ್ಪುವಂಥದೇ. ಆದರೂ ‘ಹೋಗು’, ‘ಬಿಡು’ಗಳ ಬಳಕೆಯನ್ನು ಕಾಲದ ಲೆಕ್ಕವೊಂದರಲ್ಲೇ ಹಿಡಿಯಲಾಗುವುದಿಲ್ಲ.

ಇನ್ನೂ ಆಗದ ಅವಘಡಕ್ಕೂ ಕನ್ನಡ ಒಂದು ರೂಪವನ್ನು ಇಟ್ಟುಕೊಂಡಿದೆ: ಸಂಭಾವನಾರ್ಥಕವೆಂದು ವ್ಯಾಕರಣ ಕರೆಯುವ, ಭೂತಕಾಲದ ‘ಬಿದ್ದ್’ ಅಂಗಕ್ಕೇ ಹತ್ತಿ ಮುಂದಾಗುವುದನ್ನು ಸೂಚಿಸುವ ‘ಬಿದ್ದೀತು’. ಮಳೆಗಾಲದ ಪಾಚಿ ಹಿಡಿದ ಅಂಗಳದಲ್ಲಿ ಮಗು ಓಡಿದಾಗ ಜಗಲಿಯಿಂದ ಕೇಳುವುದು ಅದೇ.