ಏಣಿಯಿಂದ ಪೆಟ್ಟಿಗೆಗೆ: ಕಾರಿನ ಮೈಕಟ್ಟಿನ ಚರಿತ್ರೆ

ಮುಂಬಯಿಯ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರ್ 29ರಂದು ತಾರ್ದೇವ್ ಸಾರಿಗೆ ಕಚೇರಿಯಲ್ಲಿ ನೋಂದಣಿಯಾಗಿತ್ತು. ಟ್ಯಾಕ್ಸಿಗಳಿಗೆ ವಿಧಿಸಿರುವ 20 ವರ್ಷಗಳ ಮಿತಿಯಂತೆ 2023ರ ಅಕ್ಟೋಬರಿನಲ್ಲಿ ಅದರ ಕಾಲ ಮುಗಿಯಿತು. ಆಗ ನಾವೆಲ್ಲ ನೆನೆದದ್ದು ಅದರ ಕಪ್ಪು-ಹಳದಿ ಬಣ್ಣವನ್ನು. ಆ ಬಣ್ಣ ಹೊತ್ತ ತಗಡುಗಳು ಒಂದಕ್ಕೊಂದು ಕೂಡಿಕೊಂಡು ಭಾರ ಹೊರಲು ಕಲಿತದ್ದು ಹೇಗೆ ಎಂಬುದಕ್ಕೂ ಒಂದು ಚರಿತ್ರೆಯಿದೆ.

ಮೊದಲ ಕಾರುಗಳು ಕಟ್ಟುವ ರೀತಿಯಲ್ಲಿ ಸಾರೋಟಿನ ವಂಶದವು. ಉದ್ದನೆಯ ಎರಡು ಉಕ್ಕಿನ ತೊಲೆಗಳು, ಅವುಗಳ ನಡುವೆ ಅಡ್ಡಪಟ್ಟಿಗಳು. ನೋಡಲು ಮಲಗಿಸಿದ ಏಣಿ. ಇದೇ ಚಾಸಿ. ಎಂಜಿನ್, ಚಕ್ರ, ಆಸನ ಎಲ್ಲದರ ಭಾರವೂ ಇದರ ಮೇಲೆ. ಮರದ ಹಂದರಕ್ಕೆ ತಗಡು ಹೊದಿಸಿದ ಮೈಯನ್ನು ಬೇರೊಂದೆಡೆ ತಯಾರಿಸಿ ತಂದು ಕೂರಿಸುತ್ತಿದ್ದರು. ನಮ್ಮ ತೊಟ್ಟಿಮನೆಯಲ್ಲಿ ಕಂಬ ತೊಲೆಗಳು ಮಾಡನ್ನು ಹೊತ್ತು, ನಡುವಿನ ಹಲಗೆಗೋಡೆ ಬರಿಯ ಮರೆಯಾಗಿ ನಿಲ್ಲುವಂಥ ವ್ಯವಸ್ಥೆ ಇದು. ಮೈ ಜಜ್ಜಿದರೂ ಗಾಡಿ ಓಡುತ್ತಿತ್ತು. ಆದರೆ ತೂಕ ಹೆಚ್ಚು, ಎತ್ತರ ಹೆಚ್ಚು. ಹಳ್ಳದಿಣ್ಣೆಗಳಲ್ಲಿ ಏಣಿ ತಿರುಚಿದಂತೆಲ್ಲ ಮರದ ಕೀಲುಗಳು ಸಡಿಲಗೊಳ್ಳುತ್ತಿದ್ದವು.

ಈ ಏಣಿಯನ್ನು ಬಿಡುವ ಧೈರ್ಯ ತೋರಿದವರಲ್ಲಿ ಇಟಲಿಯ ವಿನ್ಚೆಂಜೊ ಲಾಂಚಿಯಾ ಪ್ರಮುಖ. 1922ರಲ್ಲಿ ಆತ ಹೊರತಂದ ಲಾಂಬ್ಡಾ ಕಾರಿನಲ್ಲಿ ಬೇರೆ ಚಾಸಿಯೇ ಇರಲಿಲ್ಲ. ದೋಣಿಯ ಒಡಲಿನಂತೆ ಆಳವಾದ ಪಕ್ಕದ ತಗಡುಗಳೇ ಭಾರ ಹೊರುತ್ತಿದ್ದವು. ಆದರೆ ಅದು ಮೇಲೆ ತೆರೆದ ಕಾರು. ಚಾವಣಿಯೂ ದುಡಿಯುವ ದಿನ ಇನ್ನೂ ಬಂದಿರಲಿಲ್ಲ.

ಚಾವಣಿ ದುಡಿಯುವುದೆಂದರೇನು? ಬೆಂಕಿಪೊಟ್ಟಣವೊಂದನ್ನು ತೆಗೆದುಕೊಳ್ಳೋಣ. ಒಳಗಿನ ತಟ್ಟೆಯನ್ನಷ್ಟೇ ಹಿಡಿದರೆ ಬೆರಳಲ್ಲೇ ತಿರುಚಬಹುದು. ಹೊರಗಿನ ಕವಚವನ್ನಷ್ಟೇ ಒತ್ತಿದರೆ ಓರೆಯಾಗಿ ಮಡಚಿಕೊಳ್ಳುತ್ತದೆ. ಒಂದರೊಳಗೊಂದು ಸೇರಿಸಿದೆವೋ, ಎರಡೂ ಬಿಗಿಯುತ್ತವೆ. ಕಾರಿನ ಗುಟ್ಟೂ ಇಷ್ಟೇ. ತಳದ ತಗಡಿನ ಎರಡು ಅಂಚುಗಳಲ್ಲಿ, ಬಾಗಿಲ ಕೆಳಗೆ, ಟೊಳ್ಳು ಪೆಟ್ಟಿಗೆಯಂಥ ಹೊಸ್ತಿಲುಗಳು. ಅವುಗಳಿಂದ ಮೇಲೆದ್ದ ಕಂಬಗಳು. ಕಂಬಗಳನ್ನು ಬಂಧಿಸುವ ಚಾವಣಿ. ಎಂಜಿನ್ನಿಗೂ ಪ್ರಯಾಣಿಕರಿಗೂ ನಡುವೆ ಅಡ್ಡಗೋಡೆ. ಬಾನೆಟ್, ಬಾಗಿಲು, ಡಿಕ್ಕಿಯ ಮುಚ್ಚಳಗಳು ಬೋಲ್ಟು-ಕೀಲುಗಳಿಂದ ತೂಗುವ ಅತಿಥಿಗಳು. ಮಿಕ್ಕವು ಬೆಸುಗೆಯಿಂದ ಒಂದಾದ ಕುಟುಂಬ. ಎರಡು ತಗಡುಗಳ ಅಂಚನ್ನು ತಾಮ್ರದ ಮೊನೆಗಳ ನಡುವೆ ಒತ್ತಿ ವಿದ್ಯುತ್ ಹರಿಸಿದರೆ ಒಂದು ಚುಕ್ಕೆಯಷ್ಟು ಜಾಗ ಕರಗಿ ಬೆಸೆಯುತ್ತದೆ. ಒಂದು ಕಾರಿನಲ್ಲಿ ಇಂಥ ಚುಕ್ಕೆಗಳು ಸಾವಿರಾರು.

ಇದನ್ನು ಭಾರಿ ಸಂಖ್ಯೆಯಲ್ಲಿ ಮಾಡಲು ತಗಡನ್ನು ಒಂದೇ ಏಟಿಗೆ ರೂಪಿಸುವ ದೈತ್ಯ ಒತ್ತುಯಂತ್ರಗಳು ಬೇಕು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎಡ್ವರ್ಡ್ ಬಡ್ ಅವರ ಕಂಪನಿ ಪೂರ್ಣ ಉಕ್ಕಿನ ಮೈಗಳ ವಿದ್ಯೆಯನ್ನು ಬೆಳೆಸಿತ್ತು. ಅದನ್ನು ಬಳಸಿಕೊಂಡು ಫ್ರಾನ್ಸಿನ ಆಂದ್ರೆ ಸಿತ್ರೊಯೆನ್ 1934ರಲ್ಲಿ ‘ತ್ರಾಕ್ಸಿಯೊಂ ಅವಾಂ’ ಕಾರನ್ನು ತಂದರು. ಚಾಸಿ ಹೋದದ್ದರಿಂದ ತಳ ಎಷ್ಟು ಕೆಳಗಿಳಿಯಿತೆಂದರೆ ಹತ್ತಲು ಕಾಲುಮೆಟ್ಟಿಲೇ ಬೇಡವಾಯಿತು. ಆದರೆ ಹೊಸ ಕಾರು, ಹೊಸ ಕಾರ್ಖಾನೆಗಳ ವೆಚ್ಚದಲ್ಲಿ ಕಂಪನಿ ಅದೇ ವರ್ಷ ದಿವಾಳಿಯೆದ್ದು ಮಿಶೆಲಿನ್ ಸಂಸ್ಥೆಯ ಕೈ ಸೇರಿತು. ಮರುವರ್ಷ ಸಿತ್ರೊಯೆನ್ ತೀರಿಕೊಂಡರು. ಕಾರು ಮಾತ್ರ 1957ರವರೆಗೆ ತಯಾರಾಗುತ್ತಲೇ ಇತ್ತು. ಈ ಬದಲಾವಣೆಯಲ್ಲಿ ಇನ್ನೊಂದು ಕಸುಬೂ ಸೊರಗಿತು. ಮೈಯೇ ಚಾಸಿಯಾದ ಮೇಲೆ, ಚಾಸಿಗೆ ಬೇಕಾದ ಮೈ ಕಟ್ಟಿಕೊಡುತ್ತಿದ್ದ ಬಡಗಿ-ಕಮ್ಮಾರರ ಕಾರ್ಯಾಗಾರಗಳಿಗೆ ಕೆಲಸವೆಲ್ಲಿ?

ಬಿಗಿತವೊಂದೇ ಸಾಲದೆಂಬ ಅರಿವು ನಂತರದ್ದು. ಢಿಕ್ಕಿಯಾದಾಗ ಗಟ್ಟಿ ಪೆಟ್ಟಿಗೆ ಏಟನ್ನು ನೇರವಾಗಿ ಒಳಗಿದ್ದವರಿಗೇ ದಾಟಿಸುತ್ತದೆ. ಡೈಮ್ಲರ್-ಬೆಂಜ್ ಸಂಸ್ಥೆಯ ಬೇಲಾ ಬರೇನಿ 1950ರ ದಶಕದ ಆರಂಭದಲ್ಲೇ ಪೇಟೆಂಟ್ ಪಡೆದ ವಿಚಾರ ಹೀಗಿದೆ: ನಡುವಿನ ಕೋಣೆ ಗಟ್ಟಿಯಾಗಿರಲಿ, ಮುಂದಿನ ಹಿಂದಿನ ಭಾಗಗಳು ನಜ್ಜುಗುಜ್ಜಾಗಿ ಏಟನ್ನು ನುಂಗಲಿ. 1959ರ ಮರ್ಸಿಡಿಸ್ ಕಾರುಗಳಲ್ಲಿ ಅದು ಜಾರಿಗೆ ಬಂತು.

ಭಾರತದಲ್ಲಿ ಈ ಕಥೆಯ ಆರಂಭಕ್ಕೆ ಕನ್ನಡದ ನಂಟಿದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ವಿದೇಶಗಳ ಕಾರು ಕಾರ್ಖಾನೆಗಳನ್ನು ಕಂಡುಬಂದು ದೇಶೀ ಕಾರ್ಖಾನೆಯ ಯೋಜನೆ ಸಿದ್ಧಪಡಿಸಿದರು. ಅದಕ್ಕೆ ಜೊತೆಯಾದವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಬ್ರಿಟಿಷ್ ಸರ್ಕಾರದ ಒತ್ತಾಸೆ ದೊರೆಯಲಿಲ್ಲ. 1940ರಲ್ಲಿ ವಾಲ್‌ಚಂದ್ ಮೈಸೂರು ಸರ್ಕಾರದೊಡನೆ ಬೆಂಗಳೂರಿನಲ್ಲಿ ಆರಂಭಿಸಿದ್ದು ವಿಮಾನದ ಕಾರ್ಖಾನೆ. 1944ರಲ್ಲಿ ಅವರು ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಮುಂಬಯಿಯ ಕುರ್ಲಾದಲ್ಲಿ ನೆಲೆಯೂರಿತು. ಅಲ್ಲಿ 1964ರಿಂದ ತಯಾರಾದ ಫಿಯಟ್ 1100, ಅನಂತರ ಪದ್ಮಿನಿ ಎಂಬ ಹೆಸರು ಪಡೆಯಿತು. ಅದೂ, ಅದರ ಸಮಕಾಲೀನ ಅಂಬಾಸಿಡರ್ ಕೂಡ, ಚಾಸಿಯಿಲ್ಲದ ಬೆಸುಗೆಯ ಮೈಯವೇ.

ಇಂಥ ಮೈಗೆ ಕಡಲತೀರದ ಊರುಗಳಲ್ಲಿ ಶತ್ರು ಒಳಗೇ ಕೂರುತ್ತದೆ. ಮಳೆನೀರು ಟೊಳ್ಳು ಹೊಸ್ತಿಲೊಳಗೆ ಸೇರಿ, ಉಪ್ಪುಗಾಳಿ ಜೊತೆಗೂಡಿ, ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತದೆ. ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಹೊಳಪು ಮರಳುತ್ತದೆ, ಬಲವಲ್ಲ. ಮುಂದಿನ ಅಪಘಾತದಲ್ಲಿ ಉಳಿಯಬೇಕಾದ ಕೋಣೆಯೇ ಮಡಚಿಕೊಂಡೀತು. ಆದ್ದರಿಂದ ಹಳೆಯ ಕಾರು ಕೊಳ್ಳುವಾಗ ಬಾನೆಟ್ಟಿನ ಹೊಳಪಿಗಿಂತ ಮೊದಲು ಬಾಗಿಲನ್ನು ತೆರೆದು ಮುಚ್ಚಿ ನೋಡಬೇಕು. ಕೀಲು ಸರಿಯಿದ್ದೂ ಅದನ್ನು ತುಸು ಎತ್ತಿ ಮುಚ್ಚಬೇಕಾಗಿ ಬಂದರೆ, ಬಾಗಿ ಹೊಸ್ತಿಲನ್ನು ಪರೀಕ್ಷಿಸಬೇಕು.