ಬೆದೆ: ಹೊಲಕ್ಕೂ ಕೊಟ್ಟಿಗೆಗೂ ಒಂದೇ ಮಾತು

ಹಾನಗಲ್ಲ ತಾಲೂಕಿನ ತಿಳವಳ್ಳಿ ಸೀಮೆಯಲ್ಲಿ ಮುಂಗಾರಿನ ಮೊದಲ ಮಳೆಗೆ ಮಣ್ಣು ನೆನೆಯಿತೆಂದರೆ ಭತ್ತದ ಕೂರಿಗೆ ಹೊರಬೀಳುತ್ತದೆ. ಹದ ತಪ್ಪಿದರೆ ಬೀಜ ಹುಸಿ. ಈ ಹದಕ್ಕೆ ಕನ್ನಡದಲ್ಲಿ ಒಂದು ಜೋಡಿ ಮಾತಿದೆ: ಹದಬೆದೆ. ಹದ ಎಲ್ಲರಿಗೂ ಗೊತ್ತು; ಬೆದೆ ಅಂದರೆ ಪೇಟೆಯವರು ತುಸು ಮುಜುಗರಪಡುತ್ತಾರೆ. ಅವರ ಪಾಲಿಗೆ ಅದು ಕೊಟ್ಟಿಗೆಯ ಮಾತು, ಮನುಷ್ಯರ ಮೇಲೆ ಆಡಿದರಂತೂ ಬೈಗುಳ.

ಮೂಲದಲ್ಲಿ ಬೆದೆ ಬಿತ್ತನೆಯ ಮಾತು. ತಮಿಳಿನಲ್ಲಿ ‘ವಿದೈ’ ಎಂದರೆ ಬೀಜ, ಬಿತ್ತುವುದೂ ಹೌದು. ಅಲ್ಲಿಯ ‘ವೇರ್’ ಇಲ್ಲಿ ‘ಬೇರು’ ಆದಂತೆ ವಕಾರ ಬಕಾರವಾಯಿತು. ಮುಂದಿನ ಸ್ವರದ ಸೆಳೆತಕ್ಕೆ ಇಕಾರ ಎಕಾರವಾಯಿತು. ನಾವು ದಿನವೂ ಆಡುವ ‘ಬಿತ್ತು’ ಇದರ ಒಡಹುಟ್ಟು. ತೆಲುಗಿನ ‘ವೆದ’ ಕೂಡ ಬಿತ್ತನೆಯೇ, ‘ವೆದಜಲ್ಲು’ ಎಂದರೆ ಚೆಲ್ಲಿ ಹರಡುವುದು. ಆಕಳು ಹೋರಿಯನ್ನು ಬಯಸುವುದಕ್ಕೂ ಅಲ್ಲಿ ಇದೇ ಮಾತು. ಅಂದರೆ ಹೊಲದಿಂದ ಕೊಟ್ಟಿಗೆಗೆ ನಡೆದ ಈ ದಾರಿ ಕನ್ನಡದ್ದೊಂದೇ ಅಲ್ಲ.

ಇದನ್ನು ಕವಿಯ ಕಲ್ಪನೆ ಎನ್ನಲಾರೆ, ಒಕ್ಕಲಿಗನ ಲೆಕ್ಕ ಎನ್ನುತ್ತೇನೆ. ‘ಫಲವತ್ತು’ ಎಂದಾಗ ಹೇಳುವುದು ಗುಣವನ್ನು: ಮಣ್ಣು ಒಳ್ಳೆಯದು, ದನ ಒಳ್ಳೆಯದು. ಬೆದೆ ಹೇಳುವುದು ಹೊತ್ತನ್ನು. ಎಂಥ ಎರೆಯಾದರೂ ಎಂಥ ಆಕಳಾದರೂ ಎಲ್ಲ ಹೊತ್ತಿನಲ್ಲೂ ಬೀಜ ಹಿಡಿಯುವುದಿಲ್ಲ.

ಪಶುವೈದ್ಯರ ಲೆಕ್ಕವೂ ಇದೇ. ಗಬ್ಬವಾಗದ ಆಕಳು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಅದು ನಿಲ್ಲುವುದು ಹೆಚ್ಚುಕಡಿಮೆ 18 ತಾಸು. ಅಂಡ ಬಿಡುಗಡೆಯಾಗುವುದು ಬೆದೆ ಇಳಿದು 10–12 ತಾಸಿನ ಮೇಲೆ. ಅದಕ್ಕೇ ಮುಂಜಾನೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಮುಂಜಾನೆ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಮಾಡಿಸಿ ಎನ್ನುತ್ತಾರೆ. ಎಮ್ಮೆಯದು ಇನ್ನೂ ಫಜೀತಿ. ಆಕಳಷ್ಟು ಒದರುವುದಿಲ್ಲ, ಹಗಲಿಗಿಂತ ರಾತ್ರಿಯೇ ಹೆಚ್ಚು, ಬೇಸಿಗೆಯಲ್ಲಂತೂ ಗುರುತೇ ಸಿಗುವುದಿಲ್ಲ. ಇದಕ್ಕೆ ‘ಮೂಕ ಬೆದೆ’ ಎಂಬ ಹೆಸರಿದೆ. ಎಷ್ಟು ಚೊಕ್ಕ ಮಾತು! ಗುರುತಿಸದೆ ಬಿಟ್ಟರೆ ಮತ್ತೆ ಮೂರು ವಾರ ಮೇವು ದಂಡ. ಗೊಡ್ಡೆಂದು ಸಂತೆಗೆ ಹೊಡೆದುಕೊಂಡು ಹೋಗುವ ಎಷ್ಟೋ ಎಮ್ಮೆಗಳು ಗೊಡ್ಡಲ್ಲ. ಯಜಮಾನನ ಕಣ್ಣಿಗೆ ಬೆದೆ ಬಿದ್ದಿರುವುದಿಲ್ಲ, ಅಷ್ಟೆ.

ಈ ಬೆದೆಯ ಸುತ್ತನ್ನು ಕೆಲವು ಪುಸ್ತಕದವರು ‘ಮದಚಕ್ರ’ ಎಂದು ಬರೆಯುತ್ತಾರೆ. ಮದ ಅಂದರೆ ನಮ್ಮ ರೈತನಿಗೆ ಸೊಕ್ಕು, ಆನೆಯ ಮದ. ಹೈನುಗಾರಿಕೆಯ ಕೈಪಿಡಿ ಬರೆಯುವವರು ದಯವಿಟ್ಟು ಬೆದೆ ಎಂದೇ ಬರೆಯಲಿ.