ದೂರದರ್ಶನ: ಸರ್ಕಾರದ್ದೋ, ಸಾರ್ವಜನಿಕರದ್ದೋ?

ಕರ್ನಾಟಕಕ್ಕೆ ಟೀವಿ ಮೊದಲು ಬಂದದ್ದು ಎಲ್ಲಿಗೆ ಅಂತ ಕೇಳಿದರೆ ಬಹಳಷ್ಟು ಜನ ‘ಬೆಂಗಳೂರಿಗೆ’ ಅಂತಾರೆ. ಅಲ್ಲ. 1975ರಲ್ಲೇ ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಕೂತು ಕನ್ನಡದ ಟೀವಿ ಕಾರ್ಯಕ್ರಮ ನೋಡುತ್ತಿದ್ದರು. ಆಗ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವೇ ಇರಲಿಲ್ಲ.

ಇದನ್ನು ಮೊದಲೇ ಹೇಳೋದಕ್ಕೆ ಕಾರಣ ಇದೆ. ದೂರದರ್ಶನ ಅಂದ ಕೂಡಲೇ ನಮ್ಮಲ್ಲಿ ಎರಡೇ ಮಾತು: ಒಂದೋ ಭಾನುವಾರ ಬೆಳಗಿನ ‘ರಾಮಾಯಣ’ದ ನೆನಪು, ಇಲ್ಲವೇ ‘ಸರ್ಕಾರದ ತುತ್ತೂರಿ’ ಎಂಬ ಬೈಗುಳ. ಈ ಎರಡರ ನಡುವೆ, ಜನರ ದುಡ್ಡಿನಲ್ಲಿ ಕಟ್ಟಿದ ಈ ಸಂಸ್ಥೆಗೆ ಯಜಮಾನ ಯಾರು ಅನ್ನೋ ಪ್ರಶ್ನೆ ಕಳೆದುಹೋಗಿದೆ.

ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ, ಆಕಾಶವಾಣಿಯ ಒಂದು ಪ್ರಯೋಗವಾಗಿ. ಯುನೆಸ್ಕೊ ನೆರವಿತ್ತು. ದಿನನಿತ್ಯದ ಪ್ರಸಾರ ಬಂದದ್ದು 1965ರಲ್ಲಿ, ರೈತರಿಗಾಗಿ ‘ಕೃಷಿ ದರ್ಶನ’ ಬಂದದ್ದು 1967ರ ಜನವರಿ 26ರಂದು. ಎರಡನೇ ಕೇಂದ್ರವಾದ ಮುಂಬೈ ಪ್ರಸಾರ ಆರಂಭಿಸಿದಾಗ 1972 ಆಗಿತ್ತು. ಅಲ್ಲಿಗೆ 13 ವರ್ಷ ಟೀವಿ ಅನ್ನೋದು ದೆಹಲಿಯವರ ವಿಷಯವಾಗಿಯೇ ಉಳಿದಿತ್ತು.

ಊರಿಂದ ಊರಿಗೆ ಟವರ್ ಕಟ್ಟಿಕೊಂಡು ಹೋಗುತ್ತಾ ಕೂತರೆ ಹಳ್ಳಿಗೆ ಟೀವಿ ತಲುಪೋದು ಯಾವ ಕಾಲಕ್ಕೋ; ಉಪಗ್ರಹದಿಂದ ನೇರ ಹಳ್ಳಿಗೇ ಇಳಿಸೋಣ ಎಂದು ವಾದಿಸಿದವರು ವಿಕ್ರಮ್ ಸಾರಾಭಾಯಿ. ಅದನ್ನು ನೋಡಲು ಅವರು ಉಳಿಯಲಿಲ್ಲ, 1971ರ ಡಿಸೆಂಬರ್‌ನಲ್ಲಿ ತೀರಿಕೊಂಡರು. 1975ರ ಆಗಸ್ಟ್ 1ರಿಂದ ಒಂದು ವರ್ಷ, ನಾಸಾದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ‘ಸೈಟ್’ ಎಂಬ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ಪ್ರತಿ ಹಳ್ಳಿಗೆ ಒಂದು ಸಾಮೂಹಿಕ ಟೀವಿ, ಹತ್ತಡಿ ಅಗಲದ, ಕೋಳಿಗೂಡಿಗೆ ಬಳಸುವಂಥ ತಂತಿ ಜಾಲರಿಯ ಆಂಟೆನಾ. ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದ್ ಕೇಂದ್ರದಲ್ಲಿ. ವರ್ಷ ಮುಗಿಯಿತು, ಉಪಗ್ರಹವನ್ನು ನಾಸಾ ವಾಪಸ್ ತಗೊಂಡಿತು. ಹಾಗೇ ಬಿಡಬಾರದೆಂದು 1977ರಲ್ಲಿ ಗುಲ್ಬರ್ಗದಲ್ಲಿ ಟ್ರಾನ್ಸ್‌ಮಿಟರ್ ಹಾಕಿದರು.

ನನ್ನ ಮಟ್ಟಿಗೆ ದೂರದರ್ಶನದ ಅತ್ಯಂತ ದೊಡ್ಡ ಕನಸು ಅದೇ. ಆದರೆ ದಿನಾಂಕ ಇನ್ನೊಮ್ಮೆ ನೋಡಿ. ತುರ್ತು ಪರಿಸ್ಥಿತಿ ಘೋಷಣೆಯಾದದ್ದು 1975ರ ಜೂನ್ 25ರಂದು, ಸೈಟ್ ಆರಂಭವಾದದ್ದು ಸುಮಾರು ಐದು ವಾರಗಳ ನಂತರ. ಕನಸು, ಕಡಿವಾಣ ಎರಡೂ ಒಟ್ಟಿಗೇ ಬಂದವು. 1976ರ ಏಪ್ರಿಲ್ 1ರಂದು ಆಕಾಶವಾಣಿಯಿಂದ ಬೇರ್ಪಟ್ಟು ‘ದೂರದರ್ಶನ’ ಪ್ರತ್ಯೇಕವಾದದ್ದೂ ತುರ್ತು ಪರಿಸ್ಥಿತಿಯ ನಡುವೆಯೇ. ಸುದ್ದಿ ಅಂದರೆ ಸರ್ಕಾರದ ಹೊಗಳಿಕೆ ಅನ್ನೋ ಅಭ್ಯಾಸ ಆ ದಿನಗಳಲ್ಲಿ ಗಟ್ಟಿಯಾಯಿತು. 1977ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಜಯಪ್ರಕಾಶ ನಾರಾಯಣರ ಸಭೆ ಇದ್ದ ದಿನವೇ ‘ಬಾಬ್ಬಿ’ ಸಿನಿಮಾ ತೋರಿಸಿದರು. ಜನ ಮನೆಯಲ್ಲಿ ಉಳಿಯಲಿಲ್ಲ, ಸಭೆಗೇ ಹೋದರು.

ಜನತಾ ಸರ್ಕಾರ ನೇಮಿಸಿದ ಬಿ.ಜಿ. ವರ್ಗೀಸ್ ಸಮಿತಿ 1978ರಲ್ಲಿ ವರದಿ ಕೊಟ್ಟಿತು: ಆಕಾಶವಾಣಿ, ದೂರದರ್ಶನಗಳನ್ನು ‘ಆಕಾಶ್ ಭಾರತಿ’ ಎಂಬ ಸ್ವತಂತ್ರ ಟ್ರಸ್ಟಿಗೆ ಒಪ್ಪಿಸಿ ಎಂದು. ಆ ಸರ್ಕಾರ ತಂದ ಮಸೂದೆ ಅಷ್ಟು ಸ್ವಾತಂತ್ರ್ಯವನ್ನೂ ಕೊಡಲಿಲ್ಲ, ಕಾಯ್ದೆಯೂ ಆಗಲಿಲ್ಲ. ಸೆನ್ಸಾರ್‌ನ ಪೆಟ್ಟು ತಿಂದು ಅಧಿಕಾರಕ್ಕೆ ಬಂದವರಿಗೂ ಸರ್ಕಾರಿ ಟೀವಿ ಕೈಬಿಡಲು ಮನಸ್ಸು ಬರಲಿಲ್ಲ ಅನ್ನೋದನ್ನು ಗಮನಿಸಬೇಕು.

1982ರಲ್ಲಿ ಬಣ್ಣ ಬಂತು, ರಾಷ್ಟ್ರೀಯ ಕಾರ್ಯಕ್ರಮ ಬಂತು, ದೆಹಲಿ ಏಷ್ಯನ್ ಕ್ರೀಡಾಕೂಟ ಬಂತು. 1984ರಲ್ಲಿ ಕೆಲವು ತಿಂಗಳು ದಿನಕ್ಕೊಂದು ಟ್ರಾನ್ಸ್‌ಮಿಟರ್ ಎಂಬ ವೇಗ. ಆ ವರ್ಷದ ಕೊನೆಗೆ ಲೋಕಸಭಾ ಚುನಾವಣೆಯೂ ಇತ್ತೆನ್ನಿ. ಟೀವಿ ಈಗ ಊರೂರಿಗೆ ಬಂತು ನಿಜ, ಆದರೆ ಸೈಟ್‌ನ ದಾರಿ ತಿರುಗಿತು: ಆಯಾ ಊರಿನ ಭಾಷೆಯ ಕಾರ್ಯಕ್ರಮದ ಬದಲು ದೆಹಲಿಯ ಹಿಂದಿ-ಇಂಗ್ಲಿಷ್ ಕಾರ್ಯಕ್ರಮ ಎಲ್ಲರಿಗೂ. ಸಂಜೆ ಕನ್ನಡ ನೋಡುತ್ತಿದ್ದವರ ಮನೆಗೆ ರಾತ್ರಿ ಹೊತ್ತಿಗೆ ದೆಹಲಿ ಬಂದು ಕೂರುತ್ತಿತ್ತು. ಜತೆಗೆ ಜಾಹೀರಾತು. 1984ರ ಜುಲೈನಲ್ಲಿ ಬಂದ ‘ಹಮ್ ಲೋಗ್’ ಧಾರಾವಾಹಿಗೆ ಮೆಕ್ಸಿಕೊದ ಶೈಕ್ಷಣಿಕ ಧಾರಾವಾಹಿಗಳೇ ಮಾದರಿ. ಕುಟುಂಬ ಯೋಜನೆಯ ಸಂದೇಶ ಹೇಳಬೇಕಿತ್ತು. ಜನ ಹಿಡಿದುಕೊಂಡದ್ದು ಕಥೆಯನ್ನು, ಲಾಭ ಆದದ್ದು ಪ್ರಾಯೋಜಕರಾದ ಮ್ಯಾಗಿ ನೂಡಲ್ಸ್‌ನವರಿಗೆ! ಆಗುಂಬೆಯಲ್ಲಿ ಚಿತ್ರೀಕರಿಸಿ ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಕೂಡ ದೇಶಕ್ಕೆ ತಲುಪಿದ್ದು ಹಿಂದಿ, ಇಂಗ್ಲಿಷಿನಲ್ಲೇ. ‘ರಾಮಾಯಣ’, ‘ಮಹಾಭಾರತ’ದ ಬಗ್ಗೆ ಸಾಕಷ್ಟು ಬರೆದಾಗಿದೆ, ಬಿಡಿ.

ಒಂದೇ ಚಾನೆಲ್ ಇದ್ದಾಗ ಹತ್ತು ನಿಮಿಷಕ್ಕೂ ಎಷ್ಟು ಬೆಲೆ ಅನ್ನೋದಕ್ಕೆ ಬೆಂಗಳೂರೇ ಸಾಕ್ಷಿ. 1994ರ ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನದಲ್ಲಿ ಸಂಜೆ ಹತ್ತು ನಿಮಿಷದ ಉರ್ದು ವಾರ್ತೆ ಶುರುವಾಯಿತು. ವಿರೋಧ ಗಲಭೆಯಾಯಿತು, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ವಾರ್ತೆ ನಿಂತಿತು. ಗಲಭೆಗೆ ರಾಜಕೀಯ ಕಾರಣಗಳಿದ್ದವು. ಆದರೆ ಯಾವ ಭಾಷೆಗೆ ಎಷ್ಟು ಹೊತ್ತು, ಯಾವಾಗ ಅನ್ನೋದನ್ನು ನೋಡುಗರನ್ನು ಕೇಳಿ ತೀರ್ಮಾನಿಸುವ ಒಂದು ಕಟ್ಟೆಯೂ ಇರಲಿಲ್ಲ. ಅದೇ ವರ್ಷ ಉದಯ ಟೀವಿ ಬಂತು. ಕನ್ನಡದ ನೋಡುಗರು ನಿಧಾನವಾಗಿ ಆ ಕಡೆ ಸರಿದರು.

ಅಂಥ ಕಟ್ಟೆ ಕಟ್ಟುವ ಕಾನೂನು ಅಷ್ಟರಲ್ಲಾಗಲೇ ತಯಾರಿತ್ತು, ಜಾರಿಗೆ ಬಂದಿರಲಿಲ್ಲ ಅಷ್ಟೆ. ವಿ.ಪಿ. ಸಿಂಗ್ ಸರ್ಕಾರದ ಕಾಲದಲ್ಲಿ, 1990ರಲ್ಲಿ, ಸಂಸತ್ತು ಪ್ರಸಾರ ಭಾರತಿ ಕಾಯ್ದೆ ಒಪ್ಪಿತು. ಅದು ಏಳು ವರ್ಷ ಕಪಾಟಿನಲ್ಲಿ ಕೂತಿತು. 1995ರ ಫೆಬ್ರುವರಿಯಲ್ಲಿ, ಕ್ರಿಕೆಟ್ ಪ್ರಸಾರದ ಜಗಳವೊಂದರಲ್ಲಿ, ಸುಪ್ರೀಂ ಕೋರ್ಟ್ ‘ತರಂಗಾಂತರ ಸಾರ್ವಜನಿಕರ ಸ್ವತ್ತು’ ಎಂದು ತೀರ್ಪು ಕೊಟ್ಟಿತು. ಕಾಯ್ದೆ ಜಾರಿಯಾದದ್ದು 1997ರ ಸೆಪ್ಟೆಂಬರ್ 15ರಂದು. ಮೊದಲ ಸಿಇಒ ಎಸ್.ಎಸ್. ಗಿಲ್, ವಾರ್ತಾ ಮತ್ತು ಪ್ರಸಾರ ಇಲಾಖೆಯ ಕಾರ್ಯದರ್ಶಿಯಾಗಿ ‘ಹಮ್ ಲೋಗ್’ಗೆ ದಾರಿ ಮಾಡಿದ್ದವರು. ಮರುವರ್ಷ ವಾಜಪೇಯಿ ಸರ್ಕಾರ ಸುಗ್ರೀವಾಜ್ಞೆ ತಂದು ಆ ಹುದ್ದೆಗೆ ವಯೋಮಿತಿ ಹಾಕಿತು, ಗಿಲ್ ಹೊರಗೆ ಹೋದರು. ಸ್ವಾಯತ್ತ ಸಂಸ್ಥೆಗೆ ವರ್ಷ ತುಂಬುವುದರೊಳಗೇ ಯಜಮಾನ ಯಾರು ಅನ್ನೋದು ಗೊತ್ತಾಯಿತು.

ಬಿಬಿಸಿಗೆ ನೋಡುಗರು ಕೊಡುವ ಲೈಸೆನ್ಸ್ ಶುಲ್ಕವೇ ದೊಡ್ಡ ಆಸರೆ. ನಮ್ಮಲ್ಲೂ ಒಂದು ಕಾಲಕ್ಕೆ ಪೋಸ್ಟಾಫೀಸಿಗೆ ಹೋಗಿ ರೇಡಿಯೊ, ಟೀವಿ ಲೈಸೆನ್ಸ್ ಕಟ್ಟಬೇಕಿತ್ತು. ಎಂಬತ್ತರ ದಶಕದಲ್ಲಿ ಅದನ್ನು ತೆಗೆದರು. ಜನರಿಗೆ ಅನುಕೂಲವಾಯಿತು, ಆದರೆ ಸಂಸ್ಥೆಗೂ ನೋಡುಗರಿಗೂ ನಡುವಿನ ನೇರ ಹಣದ ಕೊಂಡಿ ಕಳಚಿತು. ಈಗ ಸಂಬಳದ ಬಹುಪಾಲು ಕೇಂದ್ರದ ಅನುದಾನದಿಂದ. ಸ್ವಂತ ಆದಾಯದಲ್ಲಿ ಡಿಡಿ ಫ್ರೀ ಡಿಶ್‌ನದು ದೊಡ್ಡ ಪಾಲು. ತಿಂಗಳ ಬಾಡಿಗೆ ಇಲ್ಲದ ಈ ಡಿಟಿಎಚ್ 2004ರಲ್ಲಿ ಬೇರೆ ಹೆಸರಲ್ಲಿ ಶುರುವಾಯಿತು. ಅದರಲ್ಲಿ ಜಾಗಕ್ಕಾಗಿ ಖಾಸಗಿ ಚಾನೆಲ್‌ಗಳು ಹರಾಜಿನಲ್ಲಿ ಕೋಟಿಗಟ್ಟಲೆ ಕೂಗುತ್ತವೆ. ಬಡವರ ಮನೆಗೆ ಟೀವಿ ತಲುಪಿಸಿದ್ದಕ್ಕೆ ಇದನ್ನು ಮೆಚ್ಚಲೇಬೇಕು. ಆದರೆ ಮನೆ ಕಟ್ಟಿ ಬಾಡಿಗೆಗೆ ಕೊಟ್ಟು, ತಾನು ಹಿಂದಿನ ಕೋಣೆಯಲ್ಲಿ ಇದ್ದಂತಾಗಿದೆ ದೂರದರ್ಶನದ ಪಾಡು.

ಹಾಗಂತ ಒಳಗೆ ಕೆಲಸ ಬಲ್ಲವರು ಇಲ್ಲವೆಂದಲ್ಲ. ಚಂದನದಲ್ಲಿ ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ 2002ರಿಂದ ಬರುತ್ತಿದೆ, ಸರಿ ಉತ್ತರಕ್ಕೆ ಬಹುಮಾನ ಪುಸ್ತಕ. ಕಿರುಚಾಟವಿಲ್ಲದೆ ಇಷ್ಟು ವರ್ಷ ಒಂದು ಕಾರ್ಯಕ್ರಮ ನಡೆಯಬಹುದು ಅನ್ನೋದಕ್ಕೆ ಬೇರೆ ಪುರಾವೆ ಬೇಡ.

ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು 2021-22ರ ಹೊತ್ತಿಗೆ ದೇಶದಾದ್ಯಂತ ಬಹುತೇಕ ನಿಲ್ಲಿಸಿದರು. ಕಲಬುರಗಿಯೂ ಆ ಪಟ್ಟಿಯಲ್ಲಿತ್ತು. ಕೇಂದ್ರವೇ ಮುಚ್ಚುತ್ತದೆ ಅನ್ನೋ ಗುಲ್ಲೆದ್ದಾಗ, ಕಾರ್ಯಕ್ರಮ ತಯಾರಿಕೆ ನಿಲ್ಲಲ್ಲ ಎಂದು ಪ್ರಸಾರ ಭಾರತಿ ಸ್ಪಷ್ಟನೆ ಕೊಟ್ಟಿತು. ಅನಲಾಗ್ ನಿಲ್ಲಿಸಿದ್ದರಲ್ಲಿ ತಪ್ಪಿಲ್ಲ, ಆ ತಂತ್ರಜ್ಞಾನದ ಕಾಲ ಮುಗಿದಿತ್ತು. ಕಲ್ಯಾಣ ಕರ್ನಾಟಕದ ಜನ ಕೇಳಬೇಕಾದದ್ದು ಚಂದನದಲ್ಲಿ ತಮ್ಮ ಭಾಗಕ್ಕೆ ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ ಅನ್ನೋದನ್ನು.

ಕೇಳೋದು ಯಾರನ್ನು? ಪ್ರಸಾರ ಭಾರತಿ ಕಾಯ್ದೆಯ 13ನೇ ಕಲಂ, ಸಂಸ್ಥೆಯ ಮೇಲೆ ಕಣ್ಣಿಡಲು 22 ಸಂಸದರ ಸಮಿತಿ ಬೇಕು ಎನ್ನುತ್ತದೆ: ಲೋಕಸಭೆಯಿಂದ 15, ರಾಜ್ಯಸಭೆಯಿಂದ 7. 14ನೇ ಕಲಂ, ಜನರ ದೂರು ಕೇಳಲು ಪ್ರಸಾರ ಪರಿಷತ್ತು ಬೇಕು ಎನ್ನುತ್ತದೆ. ಎರಡನ್ನೂ ಯಾವ ಪಕ್ಷದ ಸರ್ಕಾರವೂ ರಚಿಸಲಿಲ್ಲ. ಏನನ್ನು ಪ್ರಸಾರ ಮಾಡಬೇಕು, ಏನನ್ನು ಮಾಡಬಾರದು ಎಂದು ಕೇಂದ್ರ ನಿರ್ದೇಶನ ಕೊಡಲು ಅವಕಾಶವಿರುವ 23ನೇ ಕಲಂ ಮಾತ್ರ ಸಿದ್ಧವಾಗಿಯೇ ಇದೆ. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿಗೆ, ಡಿಡಿ ನ್ಯೂಸ್ ಲಾಂಛನ ಕೆಂಪಿನಿಂದ ಕೇಸರಿಯಾದಾಗ ದೊಡ್ಡ ಗಲಾಟೆಯೇ ಆಯಿತು. ಅಂದು ಕೂಗಾಡಿದ ಪಕ್ಷಗಳು ತಾವು ಅಧಿಕಾರದಲ್ಲಿದ್ದಾಗ 13ನೇ ಕಲಮಿನ ಸಮಿತಿಯನ್ನು ಯಾಕೆ ಮಾಡಲಿಲ್ಲ ಅಂತ ಯಾರೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ.